ನಾಲಿಗೆಯ ಅಡುಗೆ: ಬೇಟೆ ಬೇಡ, ಅಜ್ಜಿಯ ಹದ ಸಾಕು

ನಾಲಿಗೆ ಬೆಂದಿದೆಯೋ ಇಲ್ಲವೋ ಎಂದು ನೋಡಲು ನಮ್ಮಜ್ಜಿ ಚಾಕು ಹಿಡಿಯುತ್ತಿರಲಿಲ್ಲ. ಕುದಿಯುವ ಪಾತ್ರೆಯಿಂದ ಸೌಟಿನಲ್ಲಿ ಎತ್ತಿ, ತಣ್ಣೀರಿಗೆ ಒಮ್ಮೆ ಅದ್ದಿ, ತುದಿಯ ಸಿಪ್ಪೆಯನ್ನು ಹೆಬ್ಬೆರಳಿನ ಉಗುರಿನಿಂದ ಎಬ್ಬಿಸುತ್ತಿದ್ದಳು. ಸಿಪ್ಪೆ ಸಲೀಸಾಗಿ ಮೇಲೆದ್ದರೆ ಒಲೆಯಿಂದ ಇಳಿಸುವುದು. ಏಳದಿದ್ದರೆ “ಇನ್ನೂ ಹಟ ಬಿಟ್ಟಿಲ್ಲ, ಬೇಯಲಿ” ಎಂದು ಮತ್ತೆ ಪಾತ್ರೆಗೆ ಬಿಡುವುದು. ನಾನು ಕಂಡದ್ದು ಮಾರಿಹಬ್ಬದ ಕುರಿಯ ತಲೆಯನ್ನು. ಅಜ್ಜಿ ಈ ಕೆಲಸ ಕಲಿತದ್ದು ಅದಕ್ಕೂ ಹಿಂದೆ, ಮಲೆನಾಡಿನ ಮನೆಗಳಿಗೆ ಕಾಡುಹಂದಿ, ಕಡವೆಗಳ ಪಾಲು ಬರುತ್ತಿದ್ದ ಕಾಲದಲ್ಲಿ. ಕಾಡುಪ್ರಾಣಿಯ ನಾಲಿಗೆ ಬಲು ಗಟ್ಟಿ, ಅದಕ್ಕೆ ಆತುರ ಆಗದು ಎಂದು ಅವಳು ಹೇಳುತ್ತಿದ್ದಳು.

ಡೊಂಬಿವಲಿಯ ನನ್ನ ಅಡುಗೆಮನೆಯಲ್ಲಿ ಈಗ ಸೌದೆ ಒಲೆಯ ಬದಲು ಕುಕ್ಕರ್ ಇದೆ. ಆದರೂ ನಾಲಿಗೆ ಬೆಂದಿತೇ ಎಂದು ನೋಡುವುದು ಹೆಬ್ಬೆರಳಿನ ಉಗುರಿನಿಂದಲೇ. ಮುಂಬೈಯ ಕನ್ನಡಿಗರ ಮನೆಗಳಲ್ಲಿ ತಲೆಮಾಂಸದ ಮಾತು ಬಂದಾಗಲೆಲ್ಲ ಎರಡು ಪ್ರಶ್ನೆ ಏಳುತ್ತವೆ. ಊರಿನಲ್ಲಿ ತಿನ್ನುತ್ತಿದ್ದ ಬೇಟೆಯ ರುಚಿ ಇಲ್ಲಿ ಸಿಕ್ಕೀತೇ? ನಾಲಿಗೆಯನ್ನು ಶುಚಿ ಮಾಡಿ ಬೇಯಿಸುವುದು ಹೇಗೆ? ಕಾಡಿನ ಮಾಂಸವನ್ನು ಹುಡುಕಲೇಬಾರದು. ಆದರೆ ಅದಕ್ಕೆಂದು ಹುಟ್ಟಿದ ಅಡುಗೆಯ ಹದ ಅಂಗಡಿಯ ನಾಲಿಗೆಗೂ ಹೊಂದುತ್ತದೆ. ಅದನ್ನು ಕಲಿಯಲು ಒಂದು ಭಾನುವಾರದ ಬೆಳಗು ಸಾಕು.

ಮೊದಲು ಕಾನೂನು

ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಆರಂಭದಲ್ಲಿ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿ ಸಿಗುತ್ತಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. 2022ರಲ್ಲಿ ಮತ್ತೆ ತಿದ್ದಿದ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸಾಮಾನ್ಯ ಉಲ್ಲಂಘನೆಗೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿಗಳ ವಿಷಯದಲ್ಲಿ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸೆರೆ.

ಕಾಯ್ದೆಯಲ್ಲಿ ‘ಮಾಂಸ’ ಎಂಬ ಮಾತಿನ ಅರ್ಥವೂ ವಿಶಾಲ. ರಕ್ತ, ಎಲುಬು, ನರ, ಕೊಬ್ಬು, ಹಸಿಯದ್ದು, ಬೇಯಿಸಿದ್ದು ಎಲ್ಲವೂ ಅದರೊಳಗೆ ಬರುತ್ತವೆ. ಆದ್ದರಿಂದ “ಇಡೀ ಪ್ರಾಣಿಯಲ್ಲ, ನಾಲಿಗೆ ಮಾತ್ರ” ಎಂಬ ಸಮಜಾಯಿಷಿ ನಡೆಯದು. “ನಾವು ಕೊಂದದ್ದಲ್ಲ, ಸತ್ತು ಬಿದ್ದಿತ್ತು” ಎಂದರೂ ಅಷ್ಟೆ. ಸತ್ತು ಸಿಕ್ಕಿದ ಕಾಡುಪ್ರಾಣಿ ಸರ್ಕಾರದ ಸೊತ್ತು; ಅದು ಕೈಗೆ ಬಂದವರು 48 ಗಂಟೆಯೊಳಗೆ ಪೊಲೀಸರಿಗೋ ಅರಣ್ಯಾಧಿಕಾರಿಗೋ ತಿಳಿಸಬೇಕು.

ಈ ಮಾತು ಮುಂಬೈಯವರಿಗೆ ದೂರದ್ದಲ್ಲ. ಬೋರಿವಲಿಯಿಂದ ಠಾಣೆಯವರೆಗೆ ಹಬ್ಬಿರುವ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ಸುಮಾರು 104 ಚದರ ಕಿಲೋಮೀಟರ್ ಕಾಡು. ಚಿರತೆ, ಕಡವೆ, ಜಿಂಕೆ, ಕಾಡುಹಂದಿಗಳು ನಮ್ಮ ಲೋಕಲ್ ರೈಲಿನ ಹಳಿಯಿಂದ ಕೆಲವೇ ಕಿಲೋಮೀಟರ್ ಆಚೆ ಬದುಕುತ್ತಿವೆ. ಆ ಜಿಂಕೆ, ಆ ಹಂದಿ ಚಿರತೆಯ ಊಟ. ಅದನ್ನು ನಾವು ಕಿತ್ತುಕೊಂಡರೆ ಚಿರತೆ ಕಾಡಂಚಿನ ವಸತಿಯ ನಾಯಿ, ಹಂದಿಗಳನ್ನು ಹುಡುಕಿಕೊಂಡು ಬರುತ್ತದೆ. ವಾರಾಂತ್ಯಕ್ಕೆ ಘಟ್ಟದ ಕಡೆ ಹೋದಾಗ ಯಾರಾದರೂ ದನಿ ತಗ್ಗಿಸಿ ‘ರಾನ್ ಡುಕ್ಕರ್ (ಕಾಡುಹಂದಿ) ಇದೆ’ ಎಂದರೆ ಬೇಡ ಎಂದು ಎದ್ದು ಬನ್ನಿ. ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ ಸಂಖ್ಯೆ 1926.

ಇನ್ನೊಂದು ಕಾರಣವನ್ನು ಮನಸ್ಸು ಗಟ್ಟಿಮಾಡಿಕೊಂಡು ಬರೆಯುತ್ತಿದ್ದೇನೆ. ಇಂದಿನ ಕಳ್ಳಬೇಟೆ ನಮ್ಮಜ್ಜಿಯ ಕಾಲದ್ದಲ್ಲ. ಹಂದಿಗೆಂದು ತಿನಿಸಿನೊಳಗೆ ಸಿಡಿಮದ್ದು ಅಡಗಿಸಿಡುತ್ತಾರೆ. ಪ್ರಾಣಿ ಕಚ್ಚಿದೊಡನೆ ಅದು ಬಾಯೊಳಗೇ ಸಿಡಿಯುತ್ತದೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗಬ್ಬದ ಹೆಣ್ಣಾನೆಯೊಂದು ಇಂಥದೇ ಮದ್ದು ಕಚ್ಚಿ, ನಾಲಿಗೆ, ದವಡೆ ಹರಿದು, ಹೊಳೆಯ ನೀರಿನಲ್ಲಿ ನಿಂತೇ ಸತ್ತಿತು. ಉರುಳಿಗೆ ಸಿಕ್ಕ ಪ್ರಾಣಿಯೂ ಗಂಟೆಗಟ್ಟಲೆ ಒದ್ದಾಡಿ ಸಾಯುತ್ತದೆ. ಕೋವಿಯ ಗುಂಡಿನ ಸೀಸದ ಚೂರು ಮಾಂಸದೊಳಗೆ ಉಳಿಯುತ್ತದೆ. ಕಾಡುಹಂದಿಯ ಮಾಂಸದಲ್ಲಿ ಟ್ರೈಕಿನೆಲ್ಲಾ ಎಂಬ ಹುಳುವಿನ ಮರಿಗಳು ಇರಬಹುದು. ನಾಲಿಗೆ, ದವಡೆಯ ಸ್ನಾಯು, ವಪೆ ಅವು ಹೆಚ್ಚಾಗಿ ಸೇರುವ ಜಾಗಗಳು. ಪಶುವೈದ್ಯರು ನೋಡದ, ಮುದ್ರೆಯಿಲ್ಲದ ಮಾಂಸವನ್ನು ಮಕ್ಕಳ ತಟ್ಟೆಗೆ ಬಡಿಸುವುದು ತಪ್ಪು.

ಬೇಟೆಯನ್ನು ಸಂಸ್ಕೃತಿಯಾಗಿಯೇ ಬಾಳಿದ ಕೊಡಗಿನವರೂ ಈ ಬದಲಾವಣೆಯನ್ನು ದಾಟಿ ಬಂದಿದ್ದಾರೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಇಂದಿಗೂ ಪೂಜೆ ನಡೆಯುತ್ತದೆ, ತೆಂಗಿನಕಾಯಿಗೆ ಗುರಿ ಇಡುತ್ತಾರೆ. ಊಟಕ್ಕೆ ಪಂದಿಕರಿ ಇದ್ದೇ ಇರುತ್ತದೆ. ಹಂದಿ ಮಾತ್ರ ಸಾಕಿದ್ದು; ಕಾಳುಮೆಣಸು, ಕಾಚಂಪುಳಿ ಎಂಬ ಹುಳಿ ಹಳೆಯವೇ. ನಾವೂ ಇದೇ ದಾರಿ ಹಿಡಿಯೋಣ.

ಮುಂಬೈಯಲ್ಲಿ ಯಾವ ನಾಲಿಗೆ ಸಿಗುತ್ತದೆ

ಆಡಿನ ನಾಲಿಗೆ: ಎಲ್ಲರ ಮನೆಗೂ ಹೊಂದುವುದು ಇದೇ. ಮಟನ್ ಅಂಗಡಿಯಲ್ಲಿ ತಲೆಗೆ ‘ಮುಂಡಿ’ ಅಥವಾ ‘ಸಿರಿ’ ಎನ್ನುತ್ತಾರೆ. ನಾಲಿಗೆಗೆ ಮರಾಠಿಯಲ್ಲಿ ‘ಜೀಭ’, ಹಿಂದಿಯಲ್ಲಿ ‘ಜೀಭ್’ ಅಥವಾ ‘ಜಬಾನ್’. ತುಳುವರ ‘ನಾಲಾಯಿ’, ಕೊಂಕಣಿಯವರ ‘ಜೀಬ್’ ಇದೇ. ಒಂದು ನಾಲಿಗೆ ಸುಮಾರು 100 ಗ್ರಾಂ ತೂಗುತ್ತದೆ. ನಾಲ್ವರ ಊಟಕ್ಕೆ ಐದಾರು ಬೇಕು. ಅಂಗಡಿಯವರು ಸಾಮಾನ್ಯವಾಗಿ ಮುಂಡಿಯನ್ನು ಇಡಿಯಾಗಿ ಮಾರುವುದರಿಂದ ಹಿಂದಿನ ದಿನವೇ ಹೇಳಿಡಿ. “ದಾದಾ, ಜೀಭ ವೇಗಳೀ ಕಾಢಾ” ಎಂದರೆ ಬೇರೆ ತೆಗೆದುಕೊಡುತ್ತಾರೆ. ತಲೆಯನ್ನು ಕೂದಲು ಹೋಗುವಂತೆ ಸುಡುವ ಮೊದಲೇ ನಾಲಿಗೆ ತೆಗೆಸಿ. ಸುಟ್ಟರೆ ತುದಿ ಒಣಗಿ ಕಮಟಾಗುತ್ತದೆ.

ಎಮ್ಮೆ, ಕೋಣದ ನಾಲಿಗೆ: ಒಂದೇ ನಾಲಿಗೆ ಒಂದು ಕಿಲೋಗೂ ಹೆಚ್ಚು ತೂಗುತ್ತದೆ. ಮಹಾರಾಷ್ಟ್ರದಲ್ಲಿ ಗೋಹತ್ಯೆಗೆ ಹಿಂದಿನಿಂದಲೂ ನಿಷೇಧವಿತ್ತು; 2015ರ ಮಾರ್ಚ್‌ನಿಂದ ಹೋರಿ, ಎತ್ತುಗಳೂ ಅದರೊಳಗೆ ಸೇರಿದವು. ಎಮ್ಮೆ, ಕೋಣಕ್ಕೆ ಅನುಮತಿ ಇದೆ, ಅದೂ ಅಧಿಕೃತ ಪ್ರಮಾಣಪತ್ರದೊಂದಿಗೆ. ಪರವಾನಗಿ ಇರುವ ಅಂಗಡಿಯಲ್ಲೇ ಕೊಳ್ಳಿ, ರಸೀದಿ ಕೇಳಿ ಪಡೆಯಿರಿ. ಊರಿಗೆ ಹೋಗುವಾಗ ಇದನ್ನು ಗಂಟುಕಟ್ಟಿಕೊಂಡು ಹೋಗುವುದು ಬೇಡ. ಕರ್ನಾಟಕದ 2020ರ ಕಾಯ್ದೆಯಲ್ಲಿ ಎಮ್ಮೆ, ಕೋಣಕ್ಕೂ 13 ವರ್ಷದ ವಯಸ್ಸಿನ ಮಿತಿ ಇದೆ.

ಹಂದಿಯ ನಾಲಿಗೆ: ಬಾಂದ್ರಾ, ಕಲೀನಾ, ಮಲಾಡಿನ ಓರ್ಲೆಂ, ವಸಾಯಿಯಂಥ ಕ್ರೈಸ್ತ ವಸತಿಗಳ ಆಸುಪಾಸಿನ ಪೋರ್ಕ್ ಅಂಗಡಿಗಳಲ್ಲಿ ಕೇಳಿ. ಒಂದು 250ರಿಂದ 300 ಗ್ರಾಂ ಇರುತ್ತದೆ. ಕಾಡುಹಂದಿಯ ರುಚಿಯ ನೆನಪಿರುವವರಿಗೆ ಇದೇ ಹತ್ತಿರದ್ದು.

ನಗರದ ದೊಡ್ಡ ಕಸಾಯಿಖಾನೆ ದೇವನಾರಿನದು, 1971ರಿಂದ ನಡೆಯುತ್ತಿದೆ. ಅಲ್ಲಿ ಪಶುವೈದ್ಯರ ತಪಾಸಣೆ ಇರುತ್ತದೆ. ವರ್ಷದಲ್ಲಿ ಕೆಲವು ಹಬ್ಬ, ಜಯಂತಿಗಳಂದು ಅದು ಮುಚ್ಚಿರುತ್ತದೆ. ಅಂಥ ದಿನ, ಅದರ ಮರುದಿನ ಬೆಳಗ್ಗೆ ಸಿಗುವ ಮಾಂಸ ಎಂದಿನದು ಎಂದು ವಿಚಾರಿಸಿ ಕೊಳ್ಳಿ.

ಅಂಗಡಿಯಲ್ಲಿ ಏನು ನೋಡಬೇಕು

ಪಶುವೈದ್ಯರು ಪ್ರಾಣಿಯ ಬಾಯಿ ತೆರೆಸಿ ಮೊದಲು ನೋಡುವುದೇ ನಾಲಿಗೆಯನ್ನು. ಕಾಲುಬಾಯಿ ಜ್ವರ ಬಂದ ಪ್ರಾಣಿಯ ನಾಲಿಗೆಯ ಮೇಲೆ ಬೊಬ್ಬೆ ಎದ್ದು, ಒಡೆದು ಹುಣ್ಣಾಗಿರುತ್ತದೆ. ಹಂದಿಯಲ್ಲಿ ಲಾಡಿಹುಳುವಿನ ಚೀಲಗಳು ನಾಲಿಗೆಯ ಅಡಿಯಲ್ಲಿ ಸಣ್ಣ ಗಂಟುಗಳಾಗಿ ಕೈಗೆ ಸಿಗುತ್ತವೆ. ಹಂದಿ ಕೊಳ್ಳುವವರು ನಾಲಿಗೆ ಎಳೆದು ಸವರಿ ನೋಡುವ ರೂಢಿ ಹುಟ್ಟಿದ್ದು ಇದರಿಂದಲೇ.

ಆದ್ದರಿಂದ ಕೊಳ್ಳುವಾಗ:

• ನಾಲಿಗೆಯನ್ನು ತಿರುಗಿಸಿ ಎರಡೂ ಬದಿ ನೋಡಿ. ಹುಣ್ಣು, ಬೊಬ್ಬೆ, ಅಕ್ಕಿಕಾಳಿನಂಥ ಬಿಳಿ ಗಂಟು ಇದ್ದರೆ ಬಿಡಿ.

• ಬೆರಳಿನಿಂದ ಒತ್ತಿದರೆ ತಗ್ಗಿ ಮತ್ತೆ ಮೇಲೇಳಬೇಕು. ಅಂಟು ಲೋಳೆ, ಹುಳಿವಾಸನೆ ಇರಬಾರದು.

• ಬಣ್ಣ ನೋಡಿ ಅಂಜಬೇಡಿ. ಕಪ್ಪು ಆಡಿನ ನಾಲಿಗೆಯ ಮೇಲೆ ಕಪ್ಪು ಮಚ್ಚೆ ಇರುವುದು ಸಹಜ, ಎಮ್ಮೆಯದು ಬೂದುಗಪ್ಪು. ಆ ಬಣ್ಣ ಸಿಪ್ಪೆಯೊಂದಿಗೇ ಹೋಗುತ್ತದೆ.

• ಬೇರಿನ ಕಡೆ ಅಂಟಿರುವ ಗಂಟಲಿನ ಮೂಳೆ, ಮೆದು ಗ್ರಂಥಿಗಳನ್ನು ಅಲ್ಲೇ ಕತ್ತರಿಸಿ ತೆಗೆಸಿ.

ಮುಂಬೈಯ ಸೆಕೆಗೆ ಮಾಂಸ ಬೇಗ ಕೆಡುತ್ತದೆ. ಬೆಳಗ್ಗೆ ಬೇಗ ಕೊಂಡು ನೇರ ಮನೆಗೆ ಬನ್ನಿ. ದಾದರಿನಲ್ಲಿ ಕೊಂಡು ಡೊಂಬಿವಲಿಗೋ ವಿರಾರಿಗೋ ಲೋಕಲ್‌ನಲ್ಲಿ ಹೊರಡುವುದಾದರೆ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಐಸ್ ಇಟ್ಟ ಥರ್ಮಲ್ ಚೀಲದಲ್ಲಿ ಒಯ್ಯಿರಿ. ಸೆಕೆ ಹೆಚ್ಚಿರುವ ದಿನ ಹಸಿಮಾಂಸ ಒಂದು ಗಂಟೆಗಿಂತ ಹೆಚ್ಚು ಹೊರಗಿರಬಾರದು.

ಶುಚಿ ಮಾಡುವುದು, ಬೇಯಿಸುವುದು, ಸುಲಿಯುವುದು

ಇವುಗಳಲ್ಲಿ ಯಾವ ಪ್ರಾಣಿಯದೇ ಆಗಲಿ, ನಾಲಿಗೆ ಎಂದರೆ ಎಲುಬಿಲ್ಲದ ಸ್ನಾಯು. ಹುಟ್ಟಿನಿಂದ ಸಾವಿನವರೆಗೆ ದುಡಿದದ್ದು, ಅದಕ್ಕೇ ಗಟ್ಟಿ. ಎಮ್ಮೆ ಹುಲ್ಲನ್ನು ನಾಲಿಗೆಯಿಂದ ಸುತ್ತಿ ಎಳೆದು ಮೇಯುತ್ತದೆ. ಆಡು ತುಟಿಯಿಂದ ಎಲೆ ಆಯುತ್ತದೆ. ಹೀಗಾಗಿ ಎಮ್ಮೆಯ ನಾಲಿಗೆಯ ಸಿಪ್ಪೆ ಅರದಂತೆ ಒರಟು, ಆಡಿನದು ತೆಳು. ಒಳಗಿನ ಗಟ್ಟಿ ಎಳೆಗಳು ನೀರಿನ ಬಿಸಿಯಲ್ಲಿ ನಿಧಾನ ಬೆಂದಾಗ ಕರಗಿ ಜಿಗುಟು ರಸವಾಗುತ್ತವೆ. ಮೆದು ಬರುವುದು ಅದರಿಂದ. ನೇರ ಬಾಣಲೆಗೆ ಹಾಕಿ ಹುರಿದರೆ ಚರ್ಮ ಅಗಿದಂತಾಗುತ್ತದೆ.

ತೊಳೆಯುವುದು: ತಣ್ಣೀರಿನಲ್ಲಿ ಉಪ್ಪು, ಅರಿಶಿನ ಬೆರೆಸಿ ಅರ್ಧ ಗಂಟೆ ನೆನೆಸಿ. ಕಲ್ಲುಪ್ಪು ಹಾಕಿ ತಿಕ್ಕಿ, ಚಾಕುವಿನ ಮೊಂಡು ಬದಿಯಿಂದ ಮೇಲ್ಮೈ ಕೆರೆಯಿರಿ. ಸಿಪ್ಪೆಯ ಮುಳ್ಳುಗಳ ನಡುವೆ ಮೇವಿನ ಚೂರು ಸಿಕ್ಕಿರುತ್ತದೆ. ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಸಲ ತೊಳೆಯಿರಿ. ಹಸಿಮಾಂಸ ಮುಟ್ಟಿದ ಮಣೆ, ಚಾಕುಗಳನ್ನು ತರಕಾರಿಗೆ ಬಳಸುವ ಮೊದಲು ಸೋಪು ಹಾಕಿ ತೊಳೆಯಬೇಕು.

ಮೊದಲ ಕುದಿ: ಮುಳುಗುವಷ್ಟು ನೀರಿನಲ್ಲಿ ಐದು ನಿಮಿಷ ಕುದಿಸಿ. ಕಂದು ನೊರೆ ಏಳುತ್ತದೆ. ಆ ನೀರು ಚೆಲ್ಲಿ.

ಎರಡನೆಯ ಕುದಿ: ಹೊಸ ನೀರು, ಒಂದು ಈರುಳ್ಳಿ, ಜಜ್ಜಿದ ಶುಂಠಿ, ಹತ್ತು ಕಾಳುಮೆಣಸು, ಎರಡು ಲವಂಗ, ಚಿಟಿಕೆ ಅರಿಶಿನ, ಸ್ವಲ್ಪ ಉಪ್ಪು. ಕುಕ್ಕರಿನಲ್ಲಾದರೆ ಮೊದಲ ಸೀಟಿಯ ನಂತರ ಉರಿ ತಗ್ಗಿಸಿ, ಆಡಿನದನ್ನು 20ರಿಂದ 25 ನಿಮಿಷ, ಹಂದಿಯದನ್ನು 30ರಿಂದ 35 ನಿಮಿಷ, ಎಮ್ಮೆಯದನ್ನು ಒಂದು ಗಂಟೆಯಿಂದ ಒಂದೂಕಾಲು ಗಂಟೆ ಬೇಯಿಸಿ. ತೆರೆದ ಪಾತ್ರೆಯಲ್ಲಾದರೆ ಆಡಿನದಕ್ಕೆ ಒಂದೂವರೆ ಗಂಟೆ, ಎಮ್ಮೆಯದಕ್ಕೆ ಮೂರು ಗಂಟೆಗೂ ಹೆಚ್ಚು. ಸೀಟಿ ಎಣಿಸುವುದಕ್ಕಿಂತ ಗಡಿಯಾರ ನೋಡುವುದು ಲೇಸು. ಒಂದೊಂದು ಕುಕ್ಕರಿನ ಸೀಟಿ ಒಂದೊಂದು ಥರ.

ಸುಲಿಯುವುದು: ಬೆಂದ ನಾಲಿಗೆಯ ಸಿಪ್ಪೆ ಬೆಳ್ಳಗಾಗಿ ಅಲ್ಲಲ್ಲಿ ಉಬ್ಬಿರುತ್ತದೆ. ಒಂದೊಂದಾಗಿ ತೆಗೆದು ತಣ್ಣೀರಿಗೆ ಹತ್ತೆಣಿಕೆ ಅದ್ದಿ. ಕೈ ತಾಳುವಷ್ಟು ಬಿಸಿ ಇರುವಾಗಲೇ ಚಾಕುವಿನ ತುದಿಯಿಂದ ಉದ್ದಕ್ಕೆ ತೆಳುವಾಗಿ ಗೀರು ಹಾಕಿ, ಅಂಚು ಎಬ್ಬಿಸಿ ಎಳೆಯಿರಿ. ಹದವಾಗಿ ಬೆಂದಿದ್ದರೆ ಸಿಪ್ಪೆ ಕೈಗವಸು ಕಳಚಿದಂತೆ ಇಡಿಯಾಗಿ ಬಂದು, ಒಳಗಿನ ನುಣುಪಾದ ತಿಳಿಗಂದು ಮಾಂಸ ಕಾಣುತ್ತದೆ. ಹರಿದು ತುಂಡುತುಂಡಾಗಿ ಬರುತ್ತಿದ್ದರೆ ಬಲವಂತ ಬೇಡ, ಮತ್ತೆ ಹತ್ತು ನಿಮಿಷ ಬೇಯಿಸಿ. ಪೂರ್ತಿ ತಣಿಯಲು ಬಿಟ್ಟರೆ ಮಾತ್ರ ಸಿಪ್ಪೆ ಮಾಂಸಕ್ಕೆ ಅಂಟಿ ಕೂರುತ್ತದೆ. ಆಮೇಲೆ ಎಷ್ಟು ಒದ್ದಾಡಿದರೂ ಬಾರದು. ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ಹೊರತೆಗೆಯದೆ, ಒಂದನ್ನು ಸುಲಿಯುವಾಗ ಉಳಿದವು ಬಿಸಿನೀರಿನಲ್ಲೇ ಇರಲಿ.

ಹೆಚ್ಚುವುದು: ಹಿಂಭಾಗದ ಉಬ್ಬಿನ ಕೆಳಗೆ ಕೊಬ್ಬು ಹೆಚ್ಚು, ಅಲ್ಲಿನ ತುಂಡು ಬಾಯಲ್ಲಿ ಕರಗುತ್ತದೆ, ತುದಿಯ ಕಡೆ ಎಳೆ ಬಿಗಿ. ಬೇರಿನ ಭಾಗವನ್ನು ದಪ್ಪ ತುಂಡು ಮಾಡಿ, ತುದಿಯನ್ನು ಓರೆಯಾಗಿ ತೆಳುವಾಗಿ ಹೆಚ್ಚಿ. ಬೇಯಿಸಿದ ನೀರನ್ನು ಸೋಸಿ ಇಟ್ಟುಕೊಳ್ಳಿ. ಅದಕ್ಕೆ ಜಜ್ಜಿದ ಬೆಳ್ಳುಳ್ಳಿ, ಮೆಣಸಿನ ಪುಡಿಯ ಒಗ್ಗರಣೆ ಕೊಟ್ಟರೆ ಮಳೆಗಾಲಕ್ಕೆ ಒಳ್ಳೆಯ ಸಾರು.

ಇಲ್ಲಿಗೆ ಕಷ್ಟದ ಕೆಲಸ ಮುಗಿಯಿತು.

ಮಲೆನಾಡಿನ ಮೆಣಸಿನ ಹುರುಕಲು

ಬೇಟೆಯ ಮಾಂಸಕ್ಕೆ ಮಸಾಲೆ ಕಮ್ಮಿ, ಕಾಳುಮೆಣಸು ಹೆಚ್ಚು ಎಂಬುದು ನಮ್ಮ ಮನೆಯ ಕ್ರಮ. ಆಡಿನ ಆರು ನಾಲಿಗೆಗೆ: ಕಾಳುಮೆಣಸು ಎರಡು ಟೀ ಚಮಚ, ಕೊತ್ತಂಬರಿ ಬೀಜ ಒಂದು ದೊಡ್ಡ ಚಮಚ, ಜೀರಿಗೆ ಅರ್ಧ ಟೀ ಚಮಚ. ಇವನ್ನು ಎಣ್ಣೆಯಿಲ್ಲದೆ ಘಮ ಬರುವಷ್ಟು ಹುರಿದು ತರಿತರಿ ಕುಟ್ಟಿ. ಕಬ್ಬಿಣದ ಬಾಣಲೆಯಲ್ಲಿ ಮೂರು ಚಮಚ ಕೊಬ್ಬರಿ ಎಣ್ಣೆ ಕಾಯಿಸಿ, ಕರಿಬೇವು, ಜಜ್ಜಿದ ಎಂಟು ಎಸಳು ಬೆಳ್ಳುಳ್ಳಿ, ಸೀಳಿದ ನಾಲ್ಕು ಸೂಜಿಮೆಣಸು, ಉದ್ದಕ್ಕೆ ಹೆಚ್ಚಿದ ಎರಡು ಈರುಳ್ಳಿ ಹಾಕಿ. ಈರುಳ್ಳಿ ಕೆಂಪಾದ ಮೇಲೆ ನಾಲಿಗೆಯ ತುಂಡು, ಉಪ್ಪು, ಎರಡು ಸೌಟು ಬೇಯಿಸಿದ ನೀರು. ನೀರು ಇಂಗುತ್ತ ಬಂದಾಗ ಕುಟ್ಟಿದ ಪುಡಿ ಉದುರಿಸಿ, ಸಣ್ಣ ಉರಿಯಲ್ಲಿ ಅಂಚು ಗರಿಯಾಗುವವರೆಗೆ ಹುರಿಯಿರಿ. ಇಳಿಸಿ ಲಿಂಬೆರಸ ಹಿಂಡಿ. ಕಡುಬು, ಅಕ್ಕಿರೊಟ್ಟಿಗೆ ಹೊಂದುತ್ತದೆ. ಮಕ್ಕಳಿಗೆ ಪಾವ್ ಜೊತೆಗೆ ಕೊಟ್ಟರೂ ಖುಷಿ.

ಕರಾವಳಿಯ ಸುಕ್ಕ

ಮುಂಬೈಯಲ್ಲಿ ತುಳುವರ ಮನೆಗೆ ಹೋದವರು ಸುಕ್ಕ ತಿನ್ನದೆ ಬಂದಿರಲಾರರು. ಅದೇ ಮಸಾಲೆ ನಾಲಿಗೆಗೂ ಸೊಗಸು. ಎಂಟು ಬ್ಯಾಡಗಿ ಮೆಣಸು, ಎರಡು ಖಾರದ ಮೆಣಸು, ಒಂದೂವರೆ ದೊಡ್ಡ ಚಮಚ ಕೊತ್ತಂಬರಿ, ಅರ್ಧ ಟೀ ಚಮಚ ಜೀರಿಗೆ, ಅರ್ಧ ಟೀ ಚಮಚ ಕಾಳುಮೆಣಸು, ಕಾಲು ಟೀ ಚಮಚ ಮೆಂತ್ಯವನ್ನು ಸ್ವಲ್ಪ ಎಣ್ಣೆಯಲ್ಲಿ ಹುರಿದು, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣಿನೊಡನೆ ಅರೆಯಿರಿ. ಒಂದು ಬಟ್ಟಲು ತೆಂಗಿನತುರಿ, ಐದು ಎಸಳು ಬೆಳ್ಳುಳ್ಳಿ, ಚಿಟಿಕೆ ಜೀರಿಗೆ, ಅರಿಶಿನವನ್ನು ನೀರು ಹಾಕದೆ ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿಟ್ಟುಕೊಳ್ಳಿ. ತುಪ್ಪದಲ್ಲಿ ಈರುಳ್ಳಿ ಬಾಡಿಸಿ, ಅರೆದ ಮಸಾಲೆ ಹಾಕಿ ಎಣ್ಣೆ ಬಿಡುವವರೆಗೆ ಹುರಿದು, ನಾಲಿಗೆಯ ತುಂಡು ಸೇರಿಸಿ. ಹತ್ತು ನಿಮಿಷ ಮುಚ್ಚಿ ಬೇಯಿಸಿದ ಮೇಲೆ ತೆಂಗಿನತುರಿ ಬೆರೆಸಿ, ನೀರಾರುವವರೆಗೆ ಮಗುಚಿ. ನೀರುದೋಸೆಗೆ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲ.

ಹಂದಿಯ ನಾಲಿಗೆಗಾದರೆ ಕೊಡಗಿನ ಕ್ರಮ ಮೇಲು. ಜೀರಿಗೆ, ಕೊತ್ತಂಬರಿ, ಸಾಸಿವೆ, ಕಾಳುಮೆಣಸುಗಳನ್ನು ಕಪ್ಪಾಗುವ ಹಂತದವರೆಗೆ ಹುರಿದು ಪುಡಿಮಾಡಿ ಹಾಕಿ, ಕೊನೆಗೆ ಒಂದು ಚಮಚ ಕಾಚಂಪುಳಿ. ಮೊದಲೇ ಹಾಕಿ ಕುದಿಸಿದರೆ ಅದರ ಘಮ ಹೋಗುತ್ತದೆ. ಕಾಚಂಪುಳಿ ಸಿಗದಿದ್ದರೆ ದಾದರಿನ ಅಂಗಡಿಗಳಲ್ಲಿ ಸಿಗುವ ಕೋಕಂ ನೆನೆಸಿದ ಗಟ್ಟಿ ರಸ ಸಾಕು. ಹುಳಿ ಸ್ವಲ್ಪ ಬೇರೆ, ಅಡುಗೆ ಕೆಡದು.

ಕ್ರಿಸ್ಮಸ್ಸಿನ ಉಪ್ಪು ನಾಲಿಗೆ

ಮುಂಬೈಗೆ ತನ್ನದೇ ಆದ ನಾಲಿಗೆಯ ಅಡುಗೆಯೊಂದಿದೆ. ಈಸ್ಟ್ ಇಂಡಿಯನ್, ಗೋವಾ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ‘ಸಾಲ್ಟ್ ಟಂಗ್’ ಮಾಡುವ ರೂಢಿ. ಓರ್ಲೆಂನಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಅವರ ತಾಯಿ ಇದನ್ನು ಮಾಡುವುದನ್ನು ಕೂತು ನೋಡಿದ್ದೇನೆ. ಫೋರ್ಕಿನಿಂದ ನಾಲಿಗೆಯನ್ನು ಮೈಯೆಲ್ಲ ಚುಚ್ಚಿ, ಉಪ್ಪು, ಲಿಂಬೆರಸ ತಿಕ್ಕಿ, ಭರಣಿಯಲ್ಲಿಟ್ಟು ಮೇಲೆ ಕಲ್ಲು ಹೇರಿ, ದಿನಕ್ಕೊಮ್ಮೆ ಮಗುಚುತ್ತಿದ್ದರು. ಬಣ್ಣ ಕೆಂಪಾಗಿ ಉಳಿಯಲೆಂದು ಚಿಟಿಕೆ ಪೆಟ್ಲುಪ್ಪು (ಸಾಲ್ಟ್‌ಪೀಟರ್) ಹಾಕುವುದು ಹಳೆಯ ಪದ್ಧತಿ. ಮನೆಯಲ್ಲಿ ನಾವು ಅದನ್ನು ಬಿಡೋಣ. ಅಳತೆ ಸ್ವಲ್ಪ ಹೆಚ್ಚಾದರೂ ಅದು ವಿಷ, ಬಣ್ಣವೊಂದು ಹೋದರೆ ರುಚಿಗೇನೂ ಕೊರತೆಯಿಲ್ಲ.

ಫ್ರಿಜ್ ಕ್ರಮ ಹೀಗೆ: ಒಂದು ಕಿಲೋ ತೂಗುವ ಎಮ್ಮೆಯ ನಾಲಿಗೆಗೆ 30 ಗ್ರಾಂ ಉಪ್ಪು, 10 ಗ್ರಾಂ ಸಕ್ಕರೆ, ಎರಡು ಲಿಂಬೆಯ ರಸ, ಕುಟ್ಟಿದ ಕಾಳುಮೆಣಸು. ಚುಚ್ಚಿ, ತಿಕ್ಕಿ, ಗಾಜಿನ ಅಥವಾ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ, 4 ಡಿಗ್ರಿಗಿಂತ ತಣ್ಣಗಿರುವ ಜಾಗದಲ್ಲಿ ಮೂರು ದಿನ ಇಡಿ, ದಿನಕ್ಕೊಮ್ಮೆ ಮಗುಚಿ. ಮುಂಬೈಯ ಡಿಸೆಂಬರ್ ಎಷ್ಟೇ ತಂಪೆನಿಸಿದರೂ ಭರಣಿಯನ್ನು ಕಟ್ಟೆಯ ಮೇಲೆ ಇಡುವುದು ಬೇಡ. ಮೂರನೆಯ ದಿನ ಒಂದು ಗಂಟೆ ತಣ್ಣೀರಿನಲ್ಲಿ ನೆನೆಸಿ ಉಪ್ಪು ಇಳಿಸಿ, ಮೇಲೆ ಹೇಳಿದಂತೆ ಬೇಯಿಸಿ ಸುಲಿಯಿರಿ. ಈ ಸಲ ನೀರಿಗೆ ಉಪ್ಪು ಹಾಕಬಾರದು. ಆರಿದ ಮೇಲೆ ತೆಳುವಾಗಿ ಹೆಚ್ಚಿ, ಬಾಣಲೆಯಲ್ಲಿ ತುಸು ಬೆಣ್ಣೆ, ವಿನೆಗರ್, ದಾಲ್ಚಿನ್ನಿಯೊಡನೆ ಬಾಡಿಸಿ. ಬ್ರೆಡ್ ನಡುವೆ ಇಟ್ಟು ತಿನ್ನಲು ಇದು ಹೇಳಿ ಮಾಡಿಸಿದ್ದು.

ಇಡುವುದು, ಮಿತಿಯಲ್ಲಿ ತಿನ್ನುವುದು

ಬೇಯಿಸಿ ಸುಲಿದ ನಾಲಿಗೆಯನ್ನು ಅದರದೇ ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಇರುತ್ತದೆ. ಫ್ರೀಜರಿನಲ್ಲಿ ಎರಡು ತಿಂಗಳು. ಹೀಗಾಗಿ ಭಾನುವಾರ ಸುಲಿದಿಟ್ಟರೆ ಬುಧವಾರ ರಾತ್ರಿ ಕೆಲಸದಿಂದ ಬಂದು ಕಾಲು ಗಂಟೆಯಲ್ಲಿ ಹುರುಕಲು ಮಾಡಬಹುದು. ಸುಲಿದ ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿ ಹಸಿಕಸಕ್ಕೆ ಹಾಕಿ. ಸಿಂಕಿಗೆ ಬಿಟ್ಟರೆ ಕೊಳವೆ ಕಟ್ಟುತ್ತದೆ, ಕಿಟಕಿಯಾಚೆ ಎಸೆದರೆ ಕಾಗೆ ಹದ್ದುಗಳು ನೆರೆಯವರ ಬಾಲ್ಕನಿಗೆ ಒಯ್ಯುತ್ತವೆ.

ನಾಲಿಗೆ ನೋಡಲು ಕೊಬ್ಬಿಲ್ಲದ ಮಾಂಸದಂತೆ ಕಂಡರೂ ಕೊಬ್ಬು ಚೆನ್ನಾಗಿಯೇ ಇದೆ. ದನ, ಕುರಿ ಜಾತಿಯ ಪ್ರಾಣಿಗಳ ಹಸಿ ನಾಲಿಗೆಯಲ್ಲಿ 100 ಗ್ರಾಮಿಗೆ ಸುಮಾರು 15 ಗ್ರಾಂ ಪ್ರೋಟೀನ್, 16ರಿಂದ 17 ಗ್ರಾಂ ಕೊಬ್ಬು ಇರುತ್ತದೆ. ಕೊಬ್ಬು ತೆಗೆದ ಆಡಿನ ಮಾಂಸದಲ್ಲಿ ಕೊಬ್ಬು ಎರಡು ಮೂರು ಗ್ರಾಂ ಮಾತ್ರ. ಕಬ್ಬಿಣ, ಸತು ಮತ್ತು ಬಿ12 ಜೀವಸತ್ವ ಧಾರಾಳವಾಗಿ ಸಿಗುವುದರಿಂದ ರಕ್ತಹೀನತೆ ಇರುವವರಿಗೆ ಒಳ್ಳೆಯದು. ಗೌಟ್, ಕೊಲೆಸ್ಟರಾಲ್ ಇರುವವರು ವೈದ್ಯರನ್ನು ಕೇಳಿ, ತಿಂಗಳಿಗೊಮ್ಮೆ ಎರಡು ತುಂಡಿಗೆ ತೃಪ್ತರಾಗಲಿ. ಗರ್ಭಿಣಿಯರು, ಮಕ್ಕಳಿಗೆ ಬಡಿಸುವಾಗ ಪೂರ್ತಿ ಬೆಂದಿದೆಯೇ ಎಂದು ಇನ್ನೊಮ್ಮೆ ನೋಡಿ.

ಕಾಡಿನ ಪಾಲು ಮನೆಗೆ ಬರುತ್ತಿದ್ದ ದಿನ ಅಜ್ಜಿ ನಾಲಿಗೆಯಂಥ ಗಟ್ಟಿ ತುಂಡನ್ನೂ ಬಿಸಾಡಲಿಲ್ಲ. ಒಂದು ಜೀವ ಹೋಗಿದೆ, ಅದರಲ್ಲಿ ಯಾವುದೂ ಕಸವಾಗಬಾರದು ಎಂಬುದು ಅವಳ ಲೆಕ್ಕ. ನಾವು ಆ ಕಾಲದಿಂದ ಉಳಿಸಿಕೊಳ್ಳಬೇಕಾದದ್ದು ಕೋವಿಯನ್ನಲ್ಲ, ಈ ಲೆಕ್ಕವನ್ನು. ಈ ಭಾನುವಾರ ಮಟನ್ ಅಂಗಡಿಯವರಿಗೆ ಹೇಳಿಟ್ಟು ಆರು ನಾಲಿಗೆ ತನ್ನಿ. ಬಿಸಿ ಇರುವಾಗಲೇ ಸುಲಿಯಿರಿ, ಮನೆಯ ಹುಡುಗ ಹುಡುಗಿಯರ ಕೈಯಲ್ಲೂ ಒಂದನ್ನು ಸುಲಿಸಿ. ಬೋರಿವಲಿಯ ಕಡವೆ ಕಾಡಿನಲ್ಲೇ ಇರಲಿ.